ಮೂರು ತಲೆಮಾರಿಗೂ ಒಪ್ಪುವ ಮಹಿಳಾ ಪತ್ರಿಕೆಯನ್ನು ಆರಿಸುವ ಬಗೆ

ಮನೆಗೆ ಮಹಿಳಾ ಪತ್ರಿಕೆಯೊಂದನ್ನು ತರಿಸಬೇಕೆಂದುಕೊಂಡವರು ಸಾಮಾನ್ಯವಾಗಿ ಅಂಗಡಿಯ ಮುಂದೆ ತೂಗುಹಾಕಿದ ಮುಖಪುಟಗಳನ್ನು ನೋಡಿ ಆರಿಸುತ್ತಾರೆ, ಇಲ್ಲವೇ ದೀಪಾವಳಿಯ ವಿಶೇಷಾಂಕವನ್ನು ಮೆಚ್ಚಿ ಚಂದಾ ಕಟ್ಟುತ್ತಾರೆ. ಎರಡರಿಂದಲೂ ಪತ್ರಿಕೆಯ ಗುಣ ತಿಳಿಯುವುದಿಲ್ಲ. ವಿಶೇಷಾಂಕಕ್ಕೆ ಹೆಸರಾಂತ ಲೇಖಕಿಯರಿಂದ ಮೊದಲೇ ಕೇಳಿ ಬರೆಸಿದ ಕಥೆ, ಲೇಖನಗಳು ಬಂದಿರುತ್ತವೆ. ಸಂಪಾದಕರ ಶ್ರದ್ಧೆ ಎಷ್ಟೆಂಬುದು ಗೊತ್ತಾಗುವುದು ಹಬ್ಬವೂ ಇಲ್ಲದ, ಮದುವೆಯೂ ಇಲ್ಲದ ಆಷಾಢದ ಸಂಚಿಕೆಯಲ್ಲಿ.

ಆದ್ದರಿಂದ ಹುಡುಕಾಟವನ್ನು ಗ್ರಂಥಾಲಯದಲ್ಲಿ ಆರಂಭಿಸುವುದು ಒಳ್ಳೆಯದು. ಬೆಂಗಳೂರಿನಲ್ಲಿರುವವರಿಗೆ ಕಬ್ಬನ್ ಉದ್ಯಾನದ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಬಸವನಗುಡಿಯ ಕಡೆಯವರಿಗೆ ಡಿ.ವಿ.ಜಿ.ಯವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ; ಇವೆರಡೂ ದೂರವಾದರೆ ನಿಮ್ಮ ಬಡಾವಣೆಯ ಶಾಖಾ ಗ್ರಂಥಾಲಯದ ವಾಚನಾಲಯವೂ ಸಾಕು. ಒಂದೇ ಪತ್ರಿಕೆಯ ನಾಲ್ಕೈದು ಹಳೆಯ ಸಂಚಿಕೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಬೇಕು. ಹೋಲಿಕೆಗಾಗಿ ‘ಸುಧಾ’, ‘ತರಂಗ’ಗಳಂತಹ ವಾರಪತ್ರಿಕೆಗಳನ್ನೂ ತಿರುವಿ ನೋಡಿ. ‘ಗೃಹಶೋಭಾ’ದಂತೆ ಹಲವು ಭಾಷೆಗಳಲ್ಲಿ ಹೊರಬರುವ ಪತ್ರಿಕೆಯನ್ನು ಓದುವಾಗ ಅದರ ಕಥೆ, ಅಡುಗೆ, ಸಲಹೆಗಳು ನಿಮ್ಮ ಮನೆಯ ಬದುಕಿಗೆ ಎಷ್ಟು ಹತ್ತಿರವಾಗಿವೆ ಎಂಬುದನ್ನು ಗಮನಿಸಿ.

ನಾನು ಮೊದಲು ತೆರೆಯುವುದು ಕಾನೂನು ಸಲಹೆಯ ಪುಟವನ್ನು. ಪತ್ರಿಕೆ ಓದುಗರನ್ನು ಎಷ್ಟು ಗೌರವದಿಂದ ಕಾಣುತ್ತದೆ ಎಂಬುದು ಅಲ್ಲಿ ಮುಚ್ಚಿಡಲಾಗದಂತೆ ಕಾಣಿಸುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗಿರುವ ಪಾಲಿನ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು, ಮತ್ತು ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪಿತ್ತಿತು. ಈ ವಿಷಯ ಬಂದಾಗ ಉತ್ತರಿಸುವ ವಕೀಲರು ಇಷ್ಟನ್ನೂ ಹೇಳಿ, 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗಪತ್ರವಿದೆಯೇ ಎಂದು ಕೇಳಿದ್ದರೆ ಆ ಪುಟವನ್ನು ನಂಬಬಹುದು; ‘ಹೊಂದಾಣಿಕೆಯಿಂದ ಬಾಳಿ’ ಎಂದಷ್ಟೇ ಬರೆದು ಮುಗಿಸಿದ್ದರೆ ನಂಬಲಾಗದು. ಅಜ್ಜಿ, ತಾಯಿ, ಮೊಮ್ಮಗಳು ಮೂವರ ಹಕ್ಕಿಗೂ ಸಂಬಂಧಿಸಿದ ಇಂತಹ ಒಂದು ಉತ್ತರ ಮನೆಯಲ್ಲಿ ಇಡೀ ಸಂಜೆಯ ಮಾತುಕತೆಗೆ ಆಗುತ್ತದೆ.

ಆರೋಗ್ಯದ ಅಂಕಣವನ್ನೂ ಇದೇ ರೀತಿ ನೋಡಬಹುದು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಹುಡುಗಿಯರಿಗೆ 9ರಿಂದ 14ನೇ ವಯಸ್ಸಿನೊಳಗೆ ಹಾಕಿಸುವುದು ಉತ್ತಮವೆಂದು ತಿಳಿಸುವ ವೈದ್ಯರು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಸುಮ್ಮನಿರಬಾರದೆಂದೂ ಬರೆಯುತ್ತಾರೆಯೇ ಎಂಬುದು ಮುಖ್ಯ. ಅಡುಗೆಯ ಪುಟಕ್ಕೆ ಹೆಚ್ಚು ಹೊತ್ತು ಬೇಡ. ಒಂದು ಪಾಕವನ್ನು ಮಾಡಿ ನೋಡಿದರೆ ಅಳತೆ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ.

ಎಲ್ಲ ವಯಸ್ಸಿನವರಿಗೂ ಒಪ್ಪುವುದೆಂದರೆ ಹದಿಹರೆಯದವರಿಗೆ ಎರಡು ಪುಟ, ಹಿರಿಯರಿಗೆ ಎರಡು ಪುಟ ಎಂದು ಹಂಚುವುದಲ್ಲ. ಒಂದೇ ಬರಹವನ್ನು ಇಬ್ಬರೂ ಓದಿ, ಇಬ್ಬರೂ ಬೇರೆ ಬೇರೆ ಅರ್ಥ ಕಂಡುಕೊಳ್ಳುವಂತಿರಬೇಕು ಎಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಈ ಕೆಲಸಕ್ಕೆ ಹಳೆಯ ಬೇರಿದೆ. ನಂಜನಗೂಡು ತಿರುಮಲಾಂಬಾ ಅವರು ‘ಕರ್ನಾಟಕ ನಂದಿನಿ’ಯನ್ನು ಹೊರತಂದರು, ಆರ್. ಕಲ್ಯಾಣಮ್ಮನವರು 1921ರಲ್ಲಿ ಬೆಂಗಳೂರಿನಲ್ಲಿ ‘ಸರಸ್ವತಿ’ಯನ್ನು ಆರಂಭಿಸಿ ನಾಲ್ಕು ದಶಕಗಳ ಕಾಲ ನಡೆಸಿದರು. ಇಬ್ಬರೂ ಎಳೆಯ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡವರು. ಕಲ್ಯಾಣಮ್ಮನವರು ಪತ್ರಿಕೆಯನ್ನು ನಡೆಸುತ್ತಲೇ ಚಾಮರಾಜಪೇಟೆಯ ಮಕ್ಕಳ ಕೂಟವನ್ನೂ ಕಟ್ಟಿದರು. ಹೆಂಗಸರ ಓದನ್ನು ಮಕ್ಕಳ ಬೆಳವಣಿಗೆಯಿಂದ ಬೇರೆಯಾಗಿ ಕಾಣದ ಆ ದೃಷ್ಟಿಯನ್ನೇ ನಾನು ಇಂದಿನ ಪತ್ರಿಕೆಗಳಲ್ಲೂ ಹುಡುಕುತ್ತೇನೆ.

ಗ್ರಂಥಾಲಯದಲ್ಲಿ ಒಪ್ಪಿಗೆಯಾದ ಪತ್ರಿಕೆಯನ್ನು ಮೂರು ತಿಂಗಳು ಅಂಗಡಿಯಿಂದಲೇ ಬಿಡಿಯಾಗಿ ಕೊಂಡು, ಎಲ್ಲರ ಕೈಗೂ ಸಿಗುವ ಕಡೆ ಇಟ್ಟುಬಿಡಿ. ಓದಿರೆಂದು ಯಾರಿಗೂ ಹೇಳಬೇಡಿ. ನಮ್ಮ ಮನೆಯಲ್ಲಿ ಹೀಗೆ ಇಟ್ಟಾಗ ಅತ್ತೆಯವರು ಧಾರಾವಾಹಿಯನ್ನು ಓದುತ್ತಾರೆಂದು ನಾನು ಭಾವಿಸಿದ್ದೆ. ಅವರು ಓದಿದ್ದು ಮೊದಲ ಸಂಬಳದಲ್ಲಿ ಉಳಿತಾಯ ಮಾಡುವ ಬಗೆಗಿನ ಲೇಖನವನ್ನು. ಕಾಲೇಜಿಗೆ ಹೋಗುವ ಮಗಳು ಕತ್ತರಿಸಿಟ್ಟುಕೊಂಡದ್ದು ಹಿರಿಯರೊಬ್ಬರು ತಮ್ಮ ಬಾಲ್ಯದ ಬಾಣಂತನದ ಮನೆಯನ್ನು ನೆನೆದು ಬರೆದ ಪುಟವನ್ನು. ಯಾವ ಹಾಳೆ ಮಡಚಿದೆ, ಯಾವುದನ್ನು ಫೋನಿನಲ್ಲಿ ಚಿತ್ರ ತೆಗೆದು ಕಳುಹಿಸಿದ್ದಾರೆ ಎಂಬುದನ್ನು ಗಮನಿಸಿ. ಕನ್ನಡಕ ಹಾಕಿಕೊಂಡೂ ಅತ್ತೆಯವರು ಪತ್ರಿಕೆಯನ್ನು ಕಿಟಕಿಯ ಬಳಿಗೆ ಒಯ್ಯಬೇಕಾಯಿತೆಂದರೆ ಅಕ್ಷರ ಚಿಕ್ಕದಾಯಿತೆಂದೇ ತಿಳಿಯಬೇಕು. ಎಷ್ಟೇ ಒಳ್ಳೆಯ ಬರಹವಿದ್ದರೂ ಇದು ಸಣ್ಣ ಕೊರತೆಯಲ್ಲ.

ಚಂದಾ ಕಟ್ಟುವುದು ಇದೆಲ್ಲದರ ನಂತರ. ರಿಯಾಯಿತಿಗೆ ಮನಸೋತು ನಾನು ಹಿಂದೊಮ್ಮೆ ಒಂದು ಮಾಸಪತ್ರಿಕೆಗೆ ಮೂರು ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದ್ದೆ. ವರ್ಷ ತುಂಬುವ ಮೊದಲೇ ಸಂಚಿಕೆಗಳು ಬರುವುದು ನಿಂತಿತು. ಆದ್ದರಿಂದ ಮೊದಲ ಸಲ ಒಂದೇ ವರ್ಷಕ್ಕೆ ಕಟ್ಟಿ, ರಸೀದಿಯನ್ನೂ ಚಂದಾ ಸಂಖ್ಯೆಯನ್ನೂ ಜೋಪಾನವಾಗಿಡಿ. ಅಪಾರ್ಟ್‌ಮೆಂಟಿನಲ್ಲಿರುವವರು ವಿಳಾಸದಲ್ಲಿ ಬ್ಲಾಕ್, ಮನೆ ಸಂಖ್ಯೆ ಮತ್ತು ಪಿನ್‌ಕೋಡ್‌ಗಳನ್ನು ತಪ್ಪದೆ ಬರೆದು, ಅಂಚೆಯಲ್ಲಿ ಬರುವ ಪತ್ರಿಕೆಯನ್ನು ತೆಗೆದಿಡುವಂತೆ ಕಾವಲುಗಾರರಿಗೂ ಒಮ್ಮೆ ಹೇಳಿಡುವುದು ಒಳಿತು.