ಆ ಹಳೆಯ ಹೆಜ್ಜೆ ಬಿಟ್ಟ ಮೇಲೆ

ಟೆಕ್ಸಸ್‌ನ ಒಂದು ಸಣ್ಣ ಕಾಲೇಜಿನಲ್ಲಿ ನಾನು ಅಮೆರಿಕನ್ ಫುಟ್‌ಬಾಲ್ ಆಡುತ್ತೇನೆ. ಡಿಫೆನ್ಸಿವ್ ಲೈನ್‌ನಲ್ಲಿ, ಎದುರಾಳಿಗೆ ಮುಖ ಕೊಟ್ಟು ನಿಲ್ಲುವವರಲ್ಲಿ ಒಬ್ಬ. ಎರಡನೇ ವರ್ಷದ ಅಕ್ಟೋಬರ್‌ನಲ್ಲಿ ಬಲಗಾಲು ಊರಿ ತಿರುಗಿದೆ. ಯಾರೂ ತಾಗಿರಲಿಲ್ಲ. ಮೊಣಕಾಲಿನ ಒಳಗೆ ಟಪ್ ಅಂತು. ಎಸಿಎಲ್, ಅಂದರೆ ಮೊಣಕಾಲನ್ನು ಒಳಗಿಂದ ಹಿಡಿದಿಡುವ ಅಸ್ಥಿರಜ್ಜು, ಹರಿದಿತ್ತು.

ನವೆಂಬರ್‌ನಲ್ಲಿ ಆಪರೇಷನ್ ಆಯಿತು. 9 ತಿಂಗಳಿಗೆ ಮೊದಲು ಮೈದಾನಕ್ಕೆ ಬಿಡಲ್ಲ ಅಂದರು. ಬಲತೊಡೆಗೆ ಎಡತೊಡೆಯ ಶೇಕಡಾ 90ರಷ್ಟಾದರೂ ಶಕ್ತಿ ಬರಬೇಕು, ಒಂಟಿಕಾಲಿನ ಜಿಗಿತದಲ್ಲೂ ಅಷ್ಟೇ. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಚೆಂಡು ಅಲುಗಿದ ಕೂಡಲೇ ಮುಂದಕ್ಕೆ ಚಿಮ್ಮುವ ನನ್ನ ಹಳೆಯ ಮೊದಲ ಹೆಜ್ಜೆ ವಾಪಸ್ ಬರಬೇಕು.

ಜನವರಿಯಲ್ಲಿ ಡಿಫೆನ್ಸ್‌ಗೆ ಹೊಸ ಕೋಚ್ ಬಂದರು. ಅಲ್ಲಿಯವರೆಗೆ ನಾವು ಫೋರ್-ತ್ರೀ ಆಡುತ್ತಿದ್ದೆವು. ಮುಂದೆ ನಾಲ್ಕು ಜನ, ಅವರ ಹಿಂದೆ ಮೂವರು ಲೈನ್‌ಬ್ಯಾಕರ್. ಮುಂದಿನ ಒಬ್ಬೊಬ್ಬರಿಗೆ ಒಂದೊಂದು ಗ್ಯಾಪ್, ಅಂದರೆ ಎದುರಾಳಿಗಳಿಬ್ಬರ ನಡುವಿನ ಸಂದಿ. ಎದುರಾಳಿ ಸಾಲಿನ ನಡುವೆ ನಿಂತು ಚೆಂಡನ್ನು ಹಿಂದಕ್ಕೆ ಕೊಡುವವನು ಸೆಂಟರ್, ಅವನ ಪಕ್ಕದವನು ಗಾರ್ಡ್. ಗಾರ್ಡ್‌ನ ಹೊರಭುಜದ ಎದುರು ನಿಂತು, ಚೆಂಡು ಅಲುಗಿದ ಕೂಡಲೇ ಆ ಸಂದಿಗೆ ನುಗ್ಗುವುದು ನನ್ನ ಕೆಲಸ. ಈಗ ತ್ರೀ-ಫೋರ್, ಮುಂದೆ ಮೂವರೇ. ನಾನು ಅವರ ನಡುವಿನವನು, ನೋಸ್ ಟ್ಯಾಕಲ್. ಸೆಂಟರ್ ಎದುರಿಗೇ ನಿಲ್ಲಬೇಕು, ಅವನ ಎರಡೂ ಬದಿಯ ಗ್ಯಾಪ್ ನನ್ನದೇ. ನುಗ್ಗುವ ಹಾಗಿಲ್ಲ. ಅವನ ಎದೆಗೆ ಕೈ ಕೊಟ್ಟು, ತೋಳು ನೀಟಿ, ದೂರದಲ್ಲೇ ಹಿಡಿದು, ಚೆಂಡು ಹಿಡಿದವನು ಯಾವ ಕಡೆ ಬರುತ್ತಾನೆ ಅಂತ ನೋಡಬೇಕು. ಆಮೇಲೆ ಸೆಂಟರ್‌ನನ್ನು ಬಿಸಾಕಿ ಆ ಕಡೆ ಹೋಗಬೇಕು.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅವರು ಹಾಸನದಲ್ಲಿ ಕಬಡ್ಡಿ ಆಡಿದವರು. "ಕಾರ್ನರ್‌ನಲ್ಲಿ ನಿಂತವನು ಅವಸರಪಟ್ಟು ಕಾಲಿಗೆ ಬಿದ್ರೆ ರೈಡರ್‌ಗೆ ದಾರಿ ಬಿಟ್ಟಂಗೆ ಅಲ್ವೇನೋ ಮಗ?" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಮೂರು ತಿಂಗಳಿಂದ ನಾನು ಕಷ್ಟಪಡುತ್ತಿದ್ದದ್ದು ಹೊಸ ಪದ್ಧತಿಗೆ ಬೇಡವಾದ ಒಂದು ಹೆಜ್ಜೆಗಾಗಿ.

ಮಾರನೇ ದಿನವೇ ಫಿಸಿಯೋ ಹತ್ತಿರ ಮಾತಾಡಿದೆ. ಓಟದ ಮೊದಲ ಹತ್ತು ಗಜದ ಚಿಂತೆ ಬಿಟ್ಟು, ಮಂಡಿ ಬಗ್ಗಿಸಿ ಭಾರ ಹೊತ್ತು ಅಲ್ಲಾಡದೆ ನಿಲ್ಲುವುದಕ್ಕೆ ಜಾಸ್ತಿ ಸಮಯ ಕೊಟ್ಟೆವು. ನಿಲ್ಲುವ ಭಂಗಿಯೂ ಬದಲಾಯಿತು. ಮೊದಲು ಬಲಗಾಲು ತುಂಬಾ ಹಿಂದೆ ಇರುತ್ತಿತ್ತು, ತಳ್ಳುವ ಭಾರವೆಲ್ಲ ಅದರ ಮೇಲೆ. ಈಗ ಎರಡೂ ಪಾದ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ. ಸ್ಪ್ರಿಂಗ್ ಪ್ರಾಕ್ಟೀಸ್‌ನಲ್ಲಿ ನಾನು ಆಡುವಂತಿರಲಿಲ್ಲ. ಡಿಫೆನ್ಸ್‌ನ ಹಿಂದೆ ನಿಂತು, ಪ್ರತಿ ಸಲ ಸೆಂಟರ್‌ನ ತಲೆ ಯಾವ ಕಡೆ ಹೋಯಿತು ಅಂತ ಬಾಯಿಬಿಟ್ಟು ಹೇಳುತ್ತಿದ್ದೆ. ಗಾಯವಾಗಿ ಕೂತವರು ಇದೊಂದನ್ನು ಖಂಡಿತ ಮಾಡಿ. ಕಾಲಿಗಿಂತ ಮೊದಲು ನನ್ನ ಕಣ್ಣು ತಯಾರಾಗಿತ್ತು.

ಆಗಸ್ಟ್‌ನಲ್ಲಿ ಮೊಣಕಾಲಿಗೆ ಆಸರೆಯ ಬ್ರೇಸ್ ಹಾಕಿಕೊಂಡು ಮೈದಾನಕ್ಕೆ ಇಳಿದೆ. ಭಯ ಇತ್ತು. ಇಬ್ಬರು ಸೇರಿ ತಳ್ಳುವ ಡಬಲ್ ಟೀಮ್ ಬಂದಾಗ ಮೊದಲ ವಾರವೆಲ್ಲ ಬಲಗಾಲನ್ನು ಎತ್ತಿಬಿಡುತ್ತಿದ್ದೆ, ಹಿಂದಕ್ಕೆ ಹೋಗುತ್ತಿದ್ದೆ. ಗಾರ್ಡ್ ಬರುವ ಕಡೆಗೆ ಸೊಂಟ ತಗ್ಗಿಸಿ ಕೊಡು, ಕಾಲು ತಾನಾಗಿ ಊರುತ್ತದೆ ಅಂತ ಕೋಚ್ ಹೇಳಿಕೊಟ್ಟರು.

ಮೊದಲ ಪಂದ್ಯದಲ್ಲಿ ನನ್ನ ಲೆಕ್ಕಕ್ಕೆ ಒಂದೂ ಟ್ಯಾಕಲ್ ಇಲ್ಲ. ಆದರೆ ಸೆಂಟರ್, ಗಾರ್ಡ್ ಇಬ್ಬರೂ ನನ್ನ ಮೇಲೇ ಸಿಕ್ಕಿಹಾಕಿಕೊಂಡಿದ್ದರಿಂದ ಹಿಂದಿದ್ದ ಲೈನ್‌ಬ್ಯಾಕರ್‌ನನ್ನು ಯಾರೂ ಮುಟ್ಟಲಿಲ್ಲ. ಚೆಂಡು ಹಿಡಿದು ಓಡಿ ಬಂದವನನ್ನು ಅವನು ಆಟ ಶುರುವಾದ ಗೆರೆಯಲ್ಲೇ ಕೆಡವಿದ. ಎದ್ದವನೇ ನೇರ ನನ್ನ ಹತ್ತಿರ ಬಂದು ಹೆಲ್ಮೆಟ್ ತಟ್ಟಿದ.