ಜಂತಿನ ಔಷಧಿ: ಹೆಸರು ಓದಿ, ಆಮೇಲೆ ಗೊಟ್ಟ ಎತ್ತಿ

ಹೋದ ಮಳೆಗಾಲದಲ್ಲಿ ನವಲಗುಂದದ ಹತ್ತಿರ ಒಬ್ಬರ ದನದ ಮನೆಗೆ ಹೋಗಿದ್ದೆ. ಆಕಳ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಾಲು ನಡುಗುತ್ತಿದ್ದವು. "ಹೋದ ವರ್ಷ ಎಷ್ಟು ಕೊಟ್ಟಿದ್ನೋ ಅಷ್ಟೇ ಕೊಟ್ಟೀನ್ರಿ" ಅಂದರು ಯಜಮಾನರು. ಹೋದ ವರ್ಷ ಕೊಟ್ಟಿದ್ದು ಟೆಟ್ರಾಮಿಸೋಲ್ ಅನ್ನೋ ಜಂತಿನ ಔಷಧಿ. ಈ ಸಲದ್ದು ಲೆವಮಿಸೋಲ್. ಪ್ರಮಾಣ ಡಬಲ್ ಆಗಿತ್ತು. ಸಂಜೆ ಹೊತ್ತಿಗೆ ಆಕಳು ಸುಧಾರಿಸಿಕೊಂಡಿತು, ಪುಣ್ಯ.

ಎಡಗಾಲಿನ ಚಪ್ಪಲಿ ಬಲಗಾಲಿಗೆ ಕೂರಲ್ಲ ಅಲ್ವಾ? ಔಷಧಿಯ ಅಣುಗಳಲ್ಲೂ ಹಾಗೆ ಎಡ-ಬಲ ಜೋಡಿ ಇರುತ್ತದೆ, ಕನ್ನಡಿಯಲ್ಲಿ ಕಂಡಂತೆ. ಟೆಟ್ರಾಮಿಸೋಲ್‌ನಲ್ಲಿ ಎರಡೂ ಸಮಸಮ. ಹುಳುವಿನ ನರಕ್ಕೆ ಹೊಂದಿ ಕೂತು ಅದನ್ನು ಸೆಟೆಸುವುದು ಎಡದ್ದು. ಬಲದ್ದು ಹುಳುವಿಗೆ ಹೆಚ್ಚೇನೂ ಮಾಡಲ್ಲ, ದನದ ಮೈಗೆ ಮಾತ್ರ ಹೊರೆ. ಎಡದ್ದನ್ನಷ್ಟೇ ಬೇರೆ ಮಾಡಿದ್ದು ಲೆವಮಿಸೋಲ್. ಹಾಗಾಗಿ ಪ್ರಮಾಣ ಅರ್ಧ: ಕಿಲೋ ತೂಕಕ್ಕೆ 15 ಮಿಲಿಗ್ರಾಂ ಬದಲು 7.5.

ಮೊದಲು ಬಾಟಲಿ ಮೇಲಿನ ಸಣ್ಣ ಅಕ್ಷರ ಓದಿ. ದೊಡ್ಡದಾಗಿ "ಪವರ್", "ಗೋಲ್ಡ್" ಅಂತ ಬರೆದಿದ್ದನ್ನು ಬಿಡಿ. ಒಳಗಿನ ಔಷಧಿ ಯಾವುದು, ಒಂದು ಎಂಎಲ್‌ನಲ್ಲಿ ಎಷ್ಟು ಮಿಲಿಗ್ರಾಂ, ಹಾಲು ಎಷ್ಟು ದಿನ ಬಳಸಬಾರದು ಅನ್ನೋದು ಮುಖ್ಯ. ಚೀಲಕ್ಕೆ ಸುರಿದು ಬಿಡಿಯಾಗಿ ಮಾರುವ ಪುಡಿ ನಾನಂತೂ ಮುಟ್ಟುವುದಿಲ್ಲ.

ಆಮೇಲೆ ತೂಕ. ಹಾವೇರಿ ದನದ ಸಂತೆಯಲ್ಲಿ ಕಣ್ಣಳತೆಯಲ್ಲೇ ಬೆಲೆ ಕಟ್ಟುವವರಿದ್ದಾರೆ. ಔಷಧಿಗೆ ಆ ಕಣ್ಣಳತೆ ನಡೆಯಲ್ಲ. ಟೇಲರ್ ಟೇಪು ತನ್ನಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪಿರ್ರೆ ಎಲುಬಿನವರೆಗೆ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. 60 ಇಂಚು ಸುತ್ತು, 50 ಇಂಚು ಉದ್ದ ಇದ್ದರೆ ಸುಮಾರು 272 ಕಿಲೋ. ಅಂದರೆ ಲೆವಮಿಸೋಲ್ 2 ಗ್ರಾಂ ಸಾಕು. ಟೆಟ್ರಾಮಿಸೋಲ್ ಆದರೆ 4.

ಜಾಸ್ತಿ ಜನ ಎಡವುವುದು ಕುಡಿಸುವಾಗ. ಮೂಗುದಾರ ಹಿಡಿದು ಮೂತಿಯನ್ನು ಆಕಾಶಕ್ಕೆ ಎತ್ತುತ್ತಾರೆ, ನಾಲಿಗೆ ಹೊರಗೆ ಎಳೆಯುತ್ತಾರೆ. ಹಾಗೆ ಮಾಡಿದರೆ ದನಕ್ಕೆ ನುಂಗಲು ಆಗಲ್ಲ, ಔಷಧಿ ಪುಪ್ಪುಸಕ್ಕೆ ಇಳಿಯುತ್ತದೆ. ಮೂತಿ ಕಣ್ಣಿನ ಮಟ್ಟಕ್ಕಿಂತ ಚೂರು ಮೇಲಿದ್ದರೆ ಸಾಕು. ಬಾಯಿಯ ಮೂಲೆಯಲ್ಲಿ ಹಲ್ಲಿಲ್ಲದ ಸಂದು ಇರುತ್ತದೆ, ಗೊಟ್ಟದ ತುದಿ ಅಲ್ಲಿಂದ ಒಳಗೆ ಹೋಗಲಿ. ಸ್ವಲ್ಪ ಹಾಕಿ, ಗಂಟಲು ಆಡಿದ್ದು ಕಂಡ ಮೇಲೆ ಮತ್ತೆ ಸ್ವಲ್ಪ. ಕೆಮ್ಮಿತೋ, ತಕ್ಷಣ ತಲೆ ಬಿಟ್ಟುಬಿಡಿ.

ಆಲ್ಬೆಂಡಜೋಲ್ ಅನ್ನೋ ಇನ್ನೊಂದು ಜಂತಿನ ಔಷಧಿ ಆದರೆ ಬಾಟಲಿ ಚೆನ್ನಾಗಿ ಅಲುಗಾಡಿಸಿ, ತಳದಲ್ಲಿ ಕೂತಿರುತ್ತದೆ. ಗಬ್ಬದ ಶುರುವಿನಲ್ಲಿ ಇದು ಬೇಡ. ಇದರ ಎಡ-ಬಲದ ಕಥೆಯೇ ಬೇರೆ. ಬಾಟಲಿಯಲ್ಲಿರುವಾಗ ಜೋಡಿಯೇ ಇಲ್ಲ, ಆಕಳ ಪಿತ್ತಜನಕಾಂಗ ಅದನ್ನು ಬದಲಾಯಿಸುವಾಗ ಎರಡು ರೂಪ ಹುಟ್ಟುತ್ತವೆ. ಆಕಳ ರಕ್ತದಲ್ಲಿ ಒಂದೇ ರೂಪದ್ದು ಮೇಲುಗೈ, ಇನ್ನೊಂದು ಬೇಗ ಕರಗಿಹೋಗುತ್ತದೆ. ಇಲಿಯಲ್ಲಿ ಇದು ಉಲ್ಟಾ. ಈ ಎಡ-ಬಲದ ಲೆಕ್ಕ ನೀವು ಹಾಕಬೇಕಿಲ್ಲ, ಆಕಳೇ ಹಾಕಿಕೊಳ್ಳುತ್ತದೆ.

ಎರಡು ವಾರ ಬಿಟ್ಟು ಬೆಂಕಿಪೊಟ್ಟಣದಷ್ಟು ತಾಜಾ ಸಗಣಿ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋಗಿ. ಅದರಲ್ಲಿ ಹುಳುವಿನ ಮೊಟ್ಟೆ ಇನ್ನೂ ಕಂಡರೆ ಅದೇ ಔಷಧಿ ಮತ್ತೆ ಹಾಕಬೇಡಿ, ಬೇರೆ ಜಾತಿಯದ್ದು ಬರೆಸಿಕೊಳ್ಳಿ.