ಸಾಮಾನಿಗಿಂತ ಮೊದಲು ನೀವು ಹೋಗಿ: ಹೊಸ ಏರಿಯಾಗೆ ಮನೆ ಬದಲಿಸುವುದು ಹೇಗೆ?

ಒಂದೇ ಬೀದಿಯಲ್ಲಿ ನಾಲ್ಕಾರು ವರ್ಷ ಇದ್ದವರಿಗೆ ಕಾವೇರಿ ನೀರು ಯಾವ ದಿನ ಬಿಡುತ್ತಾರೆ, ಕಸದ ಆಟೊ ಎಷ್ಟು ಹೊತ್ತಿಗೆ ಬರುತ್ತದೆ, ರಾತ್ರಿ ಹತ್ತರ ಮೇಲೆ ಯಾವ ಮೆಡಿಕಲ್ ಶಾಪ್ ತೆರೆದಿರುತ್ತದೆ ಎಂದು ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಬೆಂಗಳೂರಿನಲ್ಲೇ ಗಿರಿನಗರ ಬಿಟ್ಟು ಹೊರಮಾವಿಗೆ ಹೋದ ಮೊದಲ ವಾರ ಇವೆಲ್ಲ ಒಟ್ಟಿಗೇ ಎದುರು ನಿಲ್ಲುತ್ತವೆ. ಸಾಮಾನು ಹೊತ್ತ ಮೈಕೈ ನೋವು ಎರಡು ದಿನಕ್ಕೆ ಹೋಗುತ್ತದೆ. ಏನೂ ಗೊತ್ತಿಲ್ಲದ ಕಡೆ ಬದುಕುವ ತಳಮಳ ವಾರಗಟ್ಟಲೆ ಉಳಿಯುತ್ತದೆ. ಅದನ್ನು ಕಡಿಮೆ ಮಾಡಲು ನನಗೆ ಕಂಡಿರುವ ದಾರಿ, ಲಾರಿ ಹೊರಡುವ ಮುಂಚೆಯೇ ಹೊಸ ಏರಿಯಾದ ದಿನಚರಿಯನ್ನು ತಿಳಿದುಕೊಳ್ಳುವುದು.

ಹಂತ 1: ಅಡ್ವಾನ್ಸ್ ಕೊಡುವ ಮುಂಚೆ ಬೀದಿ ಸುತ್ತಿ

ಭಾನುವಾರ ಮಧ್ಯಾಹ್ನ ಬ್ರೋಕರ್ ಜೊತೆ ನೋಡಿದ ಮನೆಯನ್ನು ವಾರದ ದಿನ ಬೆಳಿಗ್ಗೆ ಎಂಟೂವರೆಗೆ ಇನ್ನೊಮ್ಮೆ ನೋಡಿ. ಅಲ್ಲಿಂದಲೇ ಆಫೀಸಿಗೆ ಹೊರಟುನೋಡಿ. ರಾತ್ರಿ ಒಂಬತ್ತರ ಮೇಲೂ ಒಂದು ಸಲ ಹೋಗಿ, ಬೀದಿದೀಪ ಉರಿಯುತ್ತವೆಯೇ, ಬಸ್ ಸ್ಟಾಪಿನಿಂದ ನಡೆದು ಬರುವ ದಾರಿ ಹೇಗಿದೆ ಎಂದು ಗಮನಿಸಿ.

ನೀರಿನ ಬಗ್ಗೆ ಮಾತ್ರ ಸಂಕೋಚವಿಲ್ಲದೆ ಕೆದಕಿ ಕೇಳಿ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ 5ನೇ ಹಂತ ಹೊರವಲಯದ 110 ಹಳ್ಳಿಗಳಿಗೆಂದೇ ಮಾಡಿದ ಯೋಜನೆ. ಆದರೆ ಪೈಪು ಬೀದಿಗೆ ಬಂದಿರುವುದು ಬೇರೆ, ನೀವು ನೋಡುತ್ತಿರುವ ಮನೆಗೆ ಸಂಪರ್ಕ ಸಿಕ್ಕಿರುವುದು ಬೇರೆ. ಓನರ್ ‘ಕಾವೇರಿ ಇದೆ’ ಎಂದರೆ ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು, ಸಂಪು ಎಷ್ಟು ಲೀಟರಿನದು, ಎಷ್ಟು ಮನೆಗೆ ಹಂಚಿಕೆ ಎಂದು ಕೇಳಿ. ಬೋರ್‌ವೆಲ್ ನೀರಾದರೆ ನಲ್ಲಿಯ ಬಾಯಿ ಮತ್ತು ಬಚ್ಚಲ ಬಕೆಟ್ ನೋಡಿ. ಬಿಳಿ ಕಲೆ ಗಟ್ಟಿಯಾಗಿ ಕೂತಿದ್ದರೆ ಅದು ಗಡಸು ನೀರು. ಟ್ಯಾಂಕರ್ ತರಿಸುವುದಾದರೆ ದುಡ್ಡು ಯಾರದು ಎಂಬುದು ಮೊದಲೇ ತೀರ್ಮಾನವಾಗಲಿ. 2024ರ ಬೇಸಿಗೆಯಲ್ಲಿ 12,000 ಲೀಟರ್ ಟ್ಯಾಂಕರ್‌ಗೆ 5 ಕಿ.ಮೀ. ಒಳಗೆ 1,000 ರೂಪಾಯಿ ಎಂದು ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ಆ ಖರ್ಚು ಬಾಡಿಗೆಯ ಲೆಕ್ಕದಲ್ಲಿ ಇರಬೇಕು.

ಮಳೆ ನೀರಿನ ವಿಷಯವನ್ನು ಓನರ್‌ಗಿಂತ ಎದುರಿನ ಅಂಗಡಿಯವರನ್ನು, ಪಕ್ಕದ ಮನೆಯ ಹಿರಿಯರನ್ನು ಕೇಳುವುದು ಒಳ್ಳೆಯದು. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರತಂದಿದ್ದು ನೆನಪಿರಬಹುದು. ತಗ್ಗಿನಲ್ಲಿರುವ ಮನೆಯ ಗೋಡೆಗಳ ಬುಡದಲ್ಲಿ ಹಳೆಯ ನೀರಿನ ಗುರುತು ಉಳಿದಿರುತ್ತದೆ.

ಹಂತ 2: ಬದಲಾವಣೆಗಳನ್ನು ಒಟ್ಟಿಗೆ ಪೇರಿಸಬೇಡಿ

1967ರಲ್ಲಿ ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಬದುಕಿನ ಬದಲಾವಣೆಗಳಿಗೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಸಂಗಾತಿಯ ಸಾವಿಗೆ 100 ಅಂಕವಾದರೆ ಮನೆ ಬದಲಾವಣೆಗೆ 20. ಕಡಿಮೆ ಅನಿಸಬಹುದು. ಆದರೆ ಶಾಲೆ ಬದಲಾವಣೆಗೂ 20, ಕೆಲಸದ ವೇಳೆ ಬದಲಾದರೂ 20, ಮತ್ತು ಅವರು ನೋಡಿದ್ದು ಒಂದು ವರ್ಷದ ಒಟ್ಟು ಮೊತ್ತವನ್ನು. ಹೊಸ ಕೆಲಸ, ಹೊಸ ಶಾಲೆ, ಹೊಸ ಮನೆ ಮೂರೂ ಒಂದೇ ತಿಂಗಳಲ್ಲಿ ಬೇಡ. ಶಾಲೆ ಬದಲಿಸಲೇಬೇಕಾದರೆ ಬೇಸಿಗೆ ರಜೆಯ ಆರಂಭದಲ್ಲೇ ಮನೆ ಬದಲಿಸಿ, ಮಕ್ಕಳಿಗೆ ಬೀದಿ ಪರಿಚಯವಾಗಲು ಸಮಯ ಸಿಗುತ್ತದೆ.

ಆಷಾಢದಲ್ಲಿ ಮನೆ ಬದಲಿಸದವರು ನಮ್ಮಲ್ಲಿ ಬಹಳ. ಹಾಗಾಗಿ ಶ್ರಾವಣ ಹುಟ್ಟಿದ ಕೂಡಲೇ ಗಾಡಿಗೂ ಆಳಿಗೂ ಬೇಡಿಕೆ ಏರುತ್ತದೆ. ಮನೆಯ ಹಿರಿಯರು ಒಪ್ಪಿದರೆ ಆಷಾಢ ಅನುಕೂಲದ ತಿಂಗಳು. ಒಪ್ಪದಿದ್ದರೆ ಒತ್ತಾಯ ಬೇಡ, ಅವರ ನೆಮ್ಮದಿಯೂ ಲೆಕ್ಕಕ್ಕೆ ಬರುತ್ತದೆ.

ಹಂತ 3: ದುಡ್ಡಿನ ಮಾತು ಬರಹದಲ್ಲಿರಲಿ

ಬೆಂಗಳೂರಿನಲ್ಲಿ ನಿದ್ದೆ ಕೆಡಿಸುವುದು ಹೆಚ್ಚಾಗಿ ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆಯಷ್ಟು ಕೊಡುವುದು ಇಲ್ಲಿನ ಹಳೆಯ ರೂಢಿ, ಈಗ ಐದಾರು ತಿಂಗಳಿಗೂ ಒಪ್ಪುವವರಿದ್ದಾರೆ. ಹೊಸ ಮನೆಗೆ ಇವತ್ತೇ ಕೊಡಬೇಕು, ಹಳೆಯ ಮನೆಯದು ಕೀ ಒಪ್ಪಿಸಿದ ಮೇಲೆ ಬರುತ್ತದೆ. ಈ ನಡುವಿನ ವಾರಗಳಿಗೆ ಹಣ ಹೊಂದಿಸಿಕೊಂಡೇ ನೋಟಿಸ್ ಕೊಡಿ. ಹಿಂತಿರುಗಿಸುವ ದಿನ, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿಯಲ್ಲಿದ್ದರೂ ನಿಮ್ಮ ಕರಾರಿನಲ್ಲಿ ಏನಿದೆ ಎಂದು ಓದಿ. ಎರಡೂ ಮನೆಯ ಗೋಡೆ, ನಲ್ಲಿ, ಕರೆಂಟ್ ಮೀಟರ್ ರೀಡಿಂಗ್‌ನ ಫೋಟೊ ತೆಗೆದಿಟ್ಟುಕೊಳ್ಳಿ.

ಗೃಹಜ್ಯೋತಿ ಪಡೆಯುತ್ತಿದ್ದರೆ ಸೇವಾಸಿಂಧುವಿನಲ್ಲಿ ಹಳೆಯ ಮನೆಯ ಸಂಪರ್ಕವನ್ನು ಡಿ-ಲಿಂಕ್ ಮಾಡಿ, ಹೊಸ ಮನೆಯ ಆರ್‌ಆರ್ ಸಂಖ್ಯೆಗೆ (ಕರೆಂಟ್ ಬಿಲ್‌ನಲ್ಲಿರುವ ಸಂಪರ್ಕದ ಸಂಖ್ಯೆ) ನೋಂದಾಯಿಸಿ. ತಿಂಗಳಿಗೆ 200 ಯೂನಿಟ್‌ವರೆಗೆ ಎಂಬ ಮಿತಿಯೊಳಗೂ ಉಚಿತದ ಪ್ರಮಾಣ ಆ ಮೀಟರಿನ ಹಿಂದಿನ ಬಳಕೆಯನ್ನು ಅವಲಂಬಿಸಿರುತ್ತದೆ. ಹಾಗಾಗಿ ಹಳೆಯ ಬಿಲ್ ಒಂದನ್ನು ಓನರ್ ಹತ್ತಿರ ಕೇಳಿ ನೋಡಿ. ಗ್ಯಾಸ್ ಊರೊಳಗೇ ಬದಲಾದರೆ ಸಿಲಿಂಡರ್ ಹಿಂತಿರುಗಿಸಬೇಕಿಲ್ಲ, ಏಜೆನ್ಸಿ ಬದಲಿಸಿಕೊಂಡರೆ ಸಾಕು.

ಹಂತ 4: ಕಟ್ಟುವುದು, ಸಾಗಿಸುವುದು

ದಿನಕ್ಕೊಂದು ಕಪಾಟು ಸಾಕು. ಮೊದಲು ಅಟ್ಟದ ಮೇಲಿನದು, ಕೊನೆಗೆ ಅಡುಗೆಮನೆ. ಬೇಡದ ಹಾಸಿಗೆ, ಮುರಿದ ಕುರ್ಚಿಯನ್ನು ರಾತ್ರಿ ರಸ್ತೆ ತಿರುವಿನಲ್ಲಿಟ್ಟು ಬರಬೇಡಿ. ಗುಜರಿಯವರನ್ನು ಕರೆಸಿ, ಅಥವಾ ಒಣಕಸ ಸಂಗ್ರಹ ಕೇಂದ್ರದಲ್ಲಿ ವಿಚಾರಿಸಿ. ರಸ್ತೆಯಲ್ಲಿ ಬಿಟ್ಟರೆ ಅದನ್ನು ಎತ್ತಬೇಕಾದವರು ಪೌರಕಾರ್ಮಿಕರು.

ಸಣ್ಣ ಮನೆಗೆ ಟಾಟಾ ಏಸ್, ದೊಡ್ಡದಕ್ಕೆ ಕ್ಯಾಂಟರ್. ದರ ಮಾತಾಡುವಾಗ ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಗಾಡಿ ಬಾಗಿಲವರೆಗೆ ಬರುತ್ತದೆಯೇ, ಇಳಿಸುವ ಕೂಲಿ ಸೇರಿದೆಯೇ ಎಂದು ಎಲ್ಲ ಹೇಳಿಬಿಡಿ. ಜಗಳ ಹುಟ್ಟುವುದು ಇಲ್ಲೇ. ಅಪಾರ್ಟ್‌ಮೆಂಟ್ ಆದರೆ ಸಾಮಾನು ತರಲು ಸಮಯ, ಅನುಮತಿ ಮೊದಲೇ ಕೇಳಿ. ತಿಂಗಳ ಕೊನೆಯ ಶನಿವಾರ-ಭಾನುವಾರ ತಪ್ಪಿಸಿದರೆ ಎಲ್ಲರಿಗೂ ಹಗುರ. ಒಡವೆ, ಔಷಧಿ, ಕಾಗದಪತ್ರ ನಿಮ್ಮ ಕೈಯಲ್ಲೇ ಬರಲಿ. ಹಾಲು ಉಕ್ಕಿಸುವ ಪಾತ್ರೆ, ಸಕ್ಕರೆ, ಬೆಂಕಿಪೊಟ್ಟಣ, ದೀಪ, ಪೊರಕೆ, ಬಕೆಟ್ಟು ಒಂದೇ ಚೀಲದಲ್ಲಿರಲಿ.

ಹಂತ 5: ಮೊದಲ ರಾತ್ರಿಗಳು

ಹೊಸ ಜಾಗದಲ್ಲಿ ನಿದ್ದೆ ಬರದಿದ್ದರೆ ಗಾಬರಿ ಬೇಡ. ಅಪರಿಚಿತ ಜಾಗದ ಮೊದಲ ರಾತ್ರಿ ಮಿದುಳಿನ ಎಡಭಾಗ ಸ್ವಲ್ಪ ಎಚ್ಚರವಾಗಿಯೇ ಉಳಿಯುತ್ತದೆ ಎಂದು 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಹಳೆಯ ದಿಂಬು, ಮೈಗೆ ಅಭ್ಯಾಸವಾದ ಹೊದಿಕೆಯನ್ನೇ ಹಾಕಿಕೊಳ್ಳಿ. ಹೊಸ ಹಾಸಿಗೆ ತಿಂಗಳು ಬಿಟ್ಟು ಬಂದರೂ ನಡೆಯುತ್ತದೆ. ಅಂದು ಎಲ್ಲ ಡಬ್ಬ ಬಿಚ್ಚುವ ಹಟ ಬೇಡ. ಮಲಗುವ ಜಾಗ, ಬಚ್ಚಲು, ಒಲೆ ಸಿದ್ಧವಾದರೆ ಸಾಕು.

ವಯಸ್ಸಾದ ಅಪ್ಪ, ಅಮ್ಮ, ಅತ್ತೆ, ಮಾವ ಜೊತೆಗಿದ್ದರೆ ಅವರ ಕೋಣೆಯನ್ನು ಮೊದಲು ಜೋಡಿಸಿ. ಮಂಚ, ಗಡಿಯಾರ, ದೇವರ ಪಟ ಹಳೆಯ ಮನೆಯಲ್ಲಿದ್ದ ದಿಕ್ಕಿನಲ್ಲೇ ಇರಲಿ. ರಾತ್ರಿ ಎದ್ದಾಗ ಹಳೆಯ ಅಭ್ಯಾಸದಲ್ಲಿ ಬಾಗಿಲಿಲ್ಲದ ಕಡೆ ತಿರುಗಿ ಬೀಳುವ ಅಪಾಯ ನಿಜವಾದದ್ದು. ಬಚ್ಚಲ ದಾರಿಗೆ ಸಣ್ಣ ದೀಪ ಹಾಕಿ, ಹಗಲಲ್ಲಿ ಕೈಹಿಡಿದು ನಡೆಸಿ ತೋರಿಸಿ. ಅವರ ವಾಕಿಂಗ್ ಗೆಳೆಯರನ್ನು ಕಳೆದುಕೊಂಡ ದುಃಖ ನಮಗೆ ಬೇಗ ಕಾಣುವುದಿಲ್ಲ. ಮೊದಲ ವಾರ ಹತ್ತಿರದ ಪಾರ್ಕಿಗೆ ನೀವೇ ಜೊತೆಯಾಗಿ ಹೋಗಿ.

ಹಂತ 6: ನೆಲೆಯೂರುವ ತಿಂಗಳು

ಅಕ್ಕಪಕ್ಕದ ಮನೆಗೆ ನೀವೇ ಹೋಗಿ ಹೆಸರು ಹೇಳಿ. ನೀರಿನ ದಿನ, ಕಸದ ವೇಳೆ, ಒಳ್ಳೆಯ ಡಾಕ್ಟರು ಎಲ್ಲ ಆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಬೆಸ್ಕಾಂ 1912, ಜಲಮಂಡಳಿ 1916 ಸಂಖ್ಯೆಗಳನ್ನು ಬಾಗಿಲ ಹಿಂದೆ ಬರೆದಿಡಿ. ಮತದಾರರ ಪಟ್ಟಿಗೆ ನಮೂನೆ 8, ಆಧಾರ್ ವಿಳಾಸ, ಬ್ಯಾಂಕ್ ವಿಳಾಸ ವಾರಕ್ಕೊಂದರಂತೆ ಮುಗಿಸಿ.

ಎರಡು ವಾರ ಕಳೆದರೂ ನಿದ್ದೆ, ಊಟ ಸೇರದಿದ್ದರೆ, ಮಕ್ಕಳು ಮಾತು ಕಡಿಮೆ ಮಾಡಿದರೆ ‘ಮನೆ ಹೊಸದಲ್ಲವೇ’ ಎಂದು ಬಿಟ್ಟುಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.